ತಾಳಮದ್ದಳೆಗೆ ತಂದ ಸ್ಟೀರಿಯೊ ಕಾನ್ಫರೆನ್ಸ್ ಸಾಧನ: ನಾಲ್ಕು ತಿಂಗಳ ಅನುಭವ

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತವರೂ ಮುಂಬೈಯಲ್ಲಿರುವ ಅರ್ಥಧಾರಿಗಳೂ (ಪಾತ್ರವಾಗಿ ಮಾತನಾಡುವವರು) ಸೇರಿ ವಾರಕ್ಕೊಮ್ಮೆ ತಾಳಮದ್ದಳೆಯ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದ, ಅಭ್ಯಾಸ ನಡೆಸುತ್ತೇವೆ. ಇದಕ್ಕಾಗಿ ಎರಡು ಸ್ಪೀಕರ್, ಎರಡು ಮೈಕ್‌ಗಳ ಸಾಧನವೊಂದನ್ನು ನಾಲ್ಕು ತಿಂಗಳಿನಿಂದ ಬಳಸುತ್ತಿದ್ದೇವೆ. ಇಂಟರ್‌ನೆಟ್ಟಿನಲ್ಲಿ ಸದ್ದು ತಡವಾಗಿ ತಲುಪುವುದರಿಂದ ತಾಳ ಕೂಡಿಬರುವುದಿಲ್ಲ. ಹಾಗಾಗಿ ಪದ್ಯ ಹಾಡುವ ಭಾಗವತರೂ ವಾದ್ಯದ ಹಿಮ್ಮೇಳವೂ ಮುಂಬೈಯಲ್ಲೇ ಇದ್ದು, ಇಲ್ಲಿಂದ ಅರ್ಥ (ಪಾತ್ರಗಳ ಮಾತು) ಮಾತ್ರ ಹೋಗುತ್ತದೆ. ಅಲ್ಲಿನ ಕರ್ಣನ ಮಾತು ಎಡದಿಂದಲೂ ಶಲ್ಯನ ಮಾತು ಬಲದಿಂದಲೂ ಕೇಳುವಾಗ ಅವರಿಬ್ಬರೂ ಎದುರಿಗೇ ಕುಳಿತಂತೆ ಆಗುತ್ತದೆ. ಈ ಸುಖಕ್ಕಾಗಿಯೇ ಇದನ್ನು ಕೊಂಡೆವು.

ಆದರೆ ಮೊದಲ ವಾರವೇ ಮುಂಬೈಯಿಂದ ದೂರು ಬಂತು. ಕರ್ಣ ಎಷ್ಟು ಹೊತ್ತು ಮಾತನಾಡಿದರೂ ತೊಂದರೆಯಿಲ್ಲ. ಶಲ್ಯ ಬಾಯಿ ತೆರೆದ ಕೂಡಲೇ ಅವರ ಮೊದಲ ಎರಡು ಮೂರು ಮಾತು ಅವರ ಕಿವಿಗೇ ಮರಳಿ ಬೀಳುತ್ತದೆ. ನಮ್ಮ ಸ್ಪೀಕರಿನ ಸದ್ದು ಗೋಡೆಗೂ ಕಾವಿ ನೆಲಕ್ಕೂ ತಾಗಿ ನಮ್ಮ ಮೈಕಿಗೆ ಸೇರುವುದನ್ನು ಸಾಧನದೊಳಗಿನ ಅಡಾಪ್ಟಿವ್ ಫಿಲ್ಟರ್ (ಕೇಳಿದ ಸದ್ದಿಗೆ ತಕ್ಕಂತೆ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುವ ಫಿಲ್ಟರ್) ಅಂದಾಜು ಮಾಡಿ ಕಳೆಯುತ್ತದೆ. ಎರಡು ಸ್ಪೀಕರ್, ಎರಡು ಮೈಕ್‌ಗಳಿರುವ ಸ್ಟೀರಿಯೊದಲ್ಲಿ ಸದ್ದು ಹೀಗೆ ಸಾಗುವ ದಾರಿಗಳು ನಾಲ್ಕು. ಎರಡು ಚಾನೆಲ್‌ಗಳಲ್ಲೂ ಬರುವುದು ಒಬ್ಬರದೇ ದನಿಯಾದ್ದರಿಂದ, ಯಾವ ಸ್ಪೀಕರಿನಿಂದ ಎಷ್ಟು ಮಾರ್ದನಿ ಬಂತೆಂದು ಫಿಲ್ಟರಿಗೆ ಖಚಿತವಾಗಿ ತಿಳಿಯುವುದಿಲ್ಲ. ಅದು ಕಂಡುಕೊಂಡ ಲೆಕ್ಕ ಕರ್ಣ ಕುಳಿತ ಜಾಗಕ್ಕಷ್ಟೇ ಹೊಂದುತ್ತದೆ, ಶಲ್ಯ ಮಾತಿಗಿಳಿದಾಗ ತಪ್ಪುತ್ತದೆ. ಸಂಶೋಧಕ ಎಂ. ಎಂ. ಸೋಂಧಿ ಮತ್ತು ಸಂಗಡಿಗರು 1995ರಲ್ಲೇ ಈ ಮೂಲ ತೊಡಕನ್ನು ವಿವರಿಸಿದ್ದರು.

ಪರಿಹಾರವೂ ಹಳೆಯದೇ. ಬೆನೆಸ್ಟಿ, ಮಾರ್ಗನ್, ಸೋಂಧಿ 1998ರಲ್ಲಿ ತೋರಿಸಿದಂತೆ, ಒಂದು ಚಾನೆಲ್‌ಗೆ ಅದರದೇ ಅಲೆಯ ಧನ ಭಾಗವನ್ನೂ ಇನ್ನೊಂದಕ್ಕೆ ಅದರದೇ ಋಣ ಭಾಗವನ್ನೂ ಸ್ವಲ್ಪ ಬೆರೆಸಿದರೆ ಎರಡರ ನಡುವಿನ ಹೋಲಿಕೆ ಕುಗ್ಗಿ, ಫಿಲ್ಟರಿಗೆ ನಿಜವಾದ ದಾರಿಗಳು ಸಿಗುತ್ತವೆ. ನಮ್ಮ ಸಾಧನದ ಆ್ಯಪ್‌ನಲ್ಲೂ ಚಾನೆಲ್‌ಗಳ ಹೋಲಿಕೆ ಕುಗ್ಗಿಸುವ ಆಯ್ಕೆಯಿದೆ. ಅದನ್ನು ಆಫ್ ಮಾಡಿಯೇ ಮಾರಿದ್ದಾರೆ, ಕೈಪಿಡಿಯಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು. ಇದು ನನಗೆ ನಿಜವಾಗಿ ಬೇಸರ ತಂದ ಸಂಗತಿ. ಆನ್ ಮಾಡಿದ ದಿನ ಕರ್ಣ, ಶಲ್ಯರ ನಡುವೆ ಬಿರುಸಿನ ಸಂವಾದ ನಡೆದರೂ ಮುಂಬೈಯವರಿಗೆ ಮಾರ್ದನಿ ಕೇಳಲಿಲ್ಲ. ಯಾರಾದರೂ ಬಾಗಿಲು ತೆರೆದಾಗ ಮಾತ್ರ ಕ್ಷಣಕಾಲ ಇಣುಕಿ ಅಡಗುತ್ತದೆ. ನೆಲಕ್ಕೆ ಚಾಪೆ ಹಾಸಿದ ಮೇಲೆ ಅದೂ ಕಡಿಮೆಯಾಯಿತು.

ಮಾತಿನಲ್ಲಿ ಈ ಬೆರಕೆ ಗೊತ್ತೇ ಆಗುವುದಿಲ್ಲ. ಆದರೆ ಪದ್ಯ ಆರಂಭವಾದಾಗ ಶ್ರುತಿಪೆಟ್ಟಿಗೆಯ ಒಂದೇ ಸಮನಾದ ನಾದ ನಮ್ಮ ಸ್ಪೀಕರಿನಲ್ಲಿ ತುಸು ಒರಟಾಗಿ ಕೇಳುತ್ತದೆ. ಹಾಡಿಕೆಗೆ ಕಿವಿಗೊಡುವವರಿಗೆ ಇದು ಸಣ್ಣ ಲೋಪವಲ್ಲ. ಪದ್ಯದ ಹೊತ್ತಿಗೆ ನಮ್ಮ ಮೈಕ್ ಮುಚ್ಚಿ, ಆಯ್ಕೆಯನ್ನು ಆಫ್ ಮಾಡಿ, ಅರ್ಥಕ್ಕೆ ಮತ್ತೆ ಆನ್ ಮಾಡುತ್ತೇವೆ. ಪ್ರತಿಸಲವೂ ಫೋನಿನಲ್ಲಿ ಆ್ಯಪ್ ತೆರೆದು ನಾಲ್ಕು ಕಡೆ ಒತ್ತಬೇಕು. ಪೆಟ್ಟಿಗೆಯ ಮೇಲೆಯೇ ಒಂದು ಗುಂಡಿ ಇಟ್ಟಿದ್ದರೆ ಈ ಸಾಧನದ ಮೇಲೆ ನನಗೆ ಬೇರೆ ದೂರಿರುತ್ತಿರಲಿಲ್ಲ.