ಫಾಸ್ಟಿಂಗ್ ಇನ್ಸುಲಿನ್ ಟೆಸ್ಟ್: ಕಲಬುರಗಿಯ ಒಂದು ಲ್ಯಾಬ್‌ನ ಅನುಭವ

ರಕ್ತ ತೆಗೆಯುವ ಕೆಲಸಕ್ಕೆ ಐದಕ್ಕೆ ಐದು. ರಿಪೋರ್ಟಿಗೆ ಎರಡೇ.

ಮಗಳು ಡಿಗ್ರಿ ಓದುತ್ತಿದ್ದಾಳೆ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು, ಮುಟ್ಟೂ ಸರಿಯಾಗಿ ಬರುತ್ತಿರಲಿಲ್ಲ. ಮನೆಗೆ ಬಂದವರೆಲ್ಲ "ಕಡ್ಲಿ ಹಿಟ್ಟು ಹಚ್ಚಿ ತಿಕ್ಕವ್ವ" ಅನ್ನುತ್ತಿದ್ದರು. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಚರ್ಮದ ಕೋಶಗಳು ಅತಿಯಾಗಿ ಬೆಳೆದು ಹಾಗಾಗುತ್ತದೆ. ಡಾಕ್ಟರ್ ಕುತ್ತಿಗೆ ನೋಡಿದ ಕೂಡಲೇ ಖಾಲಿ ಹೊಟ್ಟೆಯ ಶುಗರ್, ಇನ್ಸುಲಿನ್ ಎರಡನ್ನೂ ಬರೆದುಕೊಟ್ಟರು.

ಲ್ಯಾಬ್ ಸೇಡಂ ರಸ್ತೆ ಕಡೆ. ರಕ್ತ ತೆಗೆಯುವ ಹುಡುಗ ಸೂಜಿ ಮುಟ್ಟುವ ಮೊದಲೇ ಕೇಳಿದ: "ರಾತ್ರಿ ಊಟ ಎಷ್ಟೊತ್ತಿಗಾಯ್ತ್ರಿ ಅಕ್ಕಾರ? ಮುಂಜಾನೆ ಚಾ ಕುಡದಿಲ್ಲಲ್ರಿ?" ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದಿವೆ, ಇನ್ನೊಮ್ಮೆ ತೆಗೆಯಬೇಕು ಅಂದ. ಮಗಳು ಮುಖ ಸಿಂಡರಿಸಿದಳು. ನನಗೆ ಮಾತ್ರ ಆ ಹುಡುಗನ ಮೇಲೆ ಗೌರವ ಬಂತು. ಕಣ ಒಡೆದರೆ ಒಳಗಿನ ಕಿಣ್ವ ಇನ್ಸುಲಿನ್ ಅನ್ನು ಕರಗಿಸುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಅದನ್ನೇ ಹಾಗೇ ಓಡಿಸಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಸಂಜೆಗೆ ರಿಪೋರ್ಟ್ ಬಂತು. ಶುಗರ್ 92, ಇನ್ಸುಲಿನ್ 22. ಪಕ್ಕದಲ್ಲಿ ನಾರ್ಮಲ್ ಮಿತಿ 2.6ರಿಂದ 24.9. ಅಂದರೆ ಎಲ್ಲ ಸರಿ ಇದೆ, ಅಲ್ವಾ? ಇಲ್ಲ. ಡಾಕ್ಟರ್ ಎರಡೂ ಅಂಕಿ ಗುಣಿಸಿ 405ರಿಂದ ಭಾಗಿಸಿದರು. ಹತ್ತಿರ ಹತ್ತಿರ 5 ಬಂತು. ದೇಹ ಇನ್ಸುಲಿನ್‌ಗೆ ಎಷ್ಟರಮಟ್ಟಿಗೆ ಮಣಿಯುತ್ತಿಲ್ಲ ಎಂದು ಅಂದಾಜಿಸುವ ಈ ಲೆಕ್ಕಕ್ಕೆ ಹೋಮಾ ಅನ್ನುತ್ತಾರೆ, 1985ರಿಂದ ಬಳಕೆಯಲ್ಲಿದೆ. 2.5 ದಾಟಿದರೆ ಗಮನ ಕೊಡಬೇಕು ಅಂದರು. ಶುಗರ್ ಅನ್ನು 92ರಲ್ಲಿ ಹಿಡಿದಿಡಲು ಮೇದೋಜ್ಜೀರಕ ಇಷ್ಟೊಂದು ಇನ್ಸುಲಿನ್ ಸುರಿಯುತ್ತಿದೆ. ಅದು ಸೋಲುವವರೆಗೆ ಬರೀ ಶುಗರ್ ಟೆಸ್ಟ್‌ನಲ್ಲಿ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಎಷ್ಟೋ ಜನರಿಗೆ ಲಿವರ್‌ನಲ್ಲಿ ಕೊಬ್ಬು ಕೂಡಿರುತ್ತದೆ, ರಕ್ತದಲ್ಲಿನ ಕೊಬ್ಬು ಅಂದರೆ ಟ್ರೈಗ್ಲಿಸರೈಡ್ ಏರಿರುತ್ತದೆ, ಬಿಪಿ ಶುರುವಾಗಿರುತ್ತದೆ. ಟ್ರೈಗ್ಲಿಸರೈಡ್, ಬಿಪಿ ಇಂಥವೆಲ್ಲ ಒಟ್ಟಿಗೆ ಬರುವುದರ ಹಿಂದೆ ದೇಹ ಇನ್ಸುಲಿನ್‌ಗೆ ಮಣಿಯದಿರುವುದೇ ಇದೆ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲೇ ಹೇಳಿದ್ದರು. ಇನ್ಸುಲಿನ್ ಏರುವುದು ಮೊದಲೋ, ದೇಹ ಮಣಿಯದಿರುವುದು ಮೊದಲೋ ಅನ್ನುವ ಚರ್ಚೆ ಸಂಶೋಧಕರಲ್ಲಿ ಇನ್ನೂ ನಡೆದಿದೆ.

ಈ ಲೆಕ್ಕ ರಿಪೋರ್ಟಿನಲ್ಲಿ ಯಾಕಿಲ್ಲ ಎಂದು ಕೌಂಟರಿನಲ್ಲಿ ಕೇಳಿದೆ. "ಡಾಕ್ಟರ್ ಬರದ್ರ ಅಷ್ಟೇ ಹಾಕ್ತೀವ್ರಿ" ಅಂದರು. ಎರಡೂ ಅಂಕಿ ಅವರ ಕಂಪ್ಯೂಟರಿನಲ್ಲೇ ಇವೆ, ಒಂದು ಸಾಲು ಹೆಚ್ಚು ಅಚ್ಚು ಮಾಡಲು ಏನು ಕಷ್ಟ? ನಾರ್ಮಲ್ ಅಂತ ನೋಡಿ ಎಷ್ಟು ತಾಯಂದಿರು ರಿಪೋರ್ಟ್ ಮಡಚಿ ಇಟ್ಟಿರುತ್ತಾರೋ ಎಂದು ನೆನೆದರೆ ಸಂಕಟವಾಗುತ್ತದೆ. ನೀವು ಹೋದರೆ ಶುಗರ್, ಇನ್ಸುಲಿನ್ ಎರಡನ್ನೂ ಒಂದೇ ಸಲ ತೆಗೆದ ರಕ್ತದಲ್ಲಿ ಮಾಡಿಸಿ. ಹೋಮಾ ಬೇಕು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ.

ಮುಂದಿನ ಟೆಸ್ಟಿಗೂ ಇದೇ ಲ್ಯಾಬಿಗೆ ಹೋಗುತ್ತೇವೆ. ಇನ್ಸುಲಿನ್ ಅಂಕಿ ಒಂದೊಂದು ಮಷೀನಿನಲ್ಲಿ ಒಂದೊಂದು ರೀತಿ ಬರುತ್ತದೆ. ಬೇರೆ ಕಡೆ ಮಾಡಿಸಿದರೆ ಇಳಿದಿದೆಯೋ ಇಲ್ಲವೋ ಹೋಲಿಸಿ ನೋಡಲು ಆಗುವುದಿಲ್ಲ.