ಕಮ್ಮಿ ಬೆಲೆಯ ‘ಒರಿಜಿನಲ್’ ಕಾರ್ಟ್ರಿಜ್ ತಗೊಳ್ಳುವ ಮುಂಚೆ ಇದನ್ನು ಓದಿ

ಪ್ರಿಂಟರಿನ ಹಳೇ ಕಾರ್ಟ್ರಿಜ್‌ಗೆ ಇಂಕ್ ತುಂಬಿ, ಕಂಪನಿ ಡಬ್ಬಿಯಲ್ಲಿ ಹಾಕಿ, ಹೊಸದು ಅಂತ ಮಾರುತ್ತಿದ್ದಾರೆ. ನನಗೂ ಹಾಗೇ ಮಾರಿದರು. ಕಾರ್ಟ್ರಿಜ್ ಹೋಗಲಿ, ಪ್ರಿಂಟರೇ ಕೆಟ್ಟಿತು. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಮಾಡುತ್ತೇನೆ. ಪ್ರಶ್ನೆಪತ್ರಿಕೆ, ಚಿತ್ರಗಳು, ಎಲ್ಲಾ ಮನೆಯಲ್ಲೇ ಪ್ರಿಂಟ್. ಪರೀಕ್ಷೆ ಹತ್ತಿರ ಬಂದಾಗ ಬಣ್ಣದ ಕಾರ್ಟ್ರಿಜ್ ಮುಗಿಯಿತು. ಊರಲ್ಲಿ ಹೆಸರಿರುವ ಕಂಪ್ಯೂಟರ್ ಅಂಗಡಿಯಲ್ಲೇ ಕೇಳಿದೆ. ಎಂಆರ್‌ಪಿಗಿಂತ ಮುನ್ನೂರು ರೂಪಾಯಿ ಕಮ್ಮಿ ಹೇಳಿದರು. "ಕಂಪನಿ ಪೀಸೇ ಮೇಡಂ. ಸ್ಟಾಕ್ ಜಾಸ್ತಿ ಬಂದಿದೆ, ಅದಕ್ಕೇ ಈ ರೇಟು." ಡಬ್ಬಿಗೆ ಸೀಲ್ ಇತ್ತು, ಬಿಲ್ಲೂ ಕೊಟ್ಟರು.

ಹಾಕಿದ ತಕ್ಷಣ, ಬಳಸಿದ ಅಥವಾ ನಕಲಿ ಕಾರ್ಟ್ರಿಜ್ ಇದೆ ಅಂತ ಕಂಪ್ಯೂಟರಿನಲ್ಲಿ ಮೆಸೇಜ್ ಬಂತು. ಅಂಗಡಿಗೆ ಫೋನ್ ಮಾಡಿದರೆ, "ಅದು ಎಲ್ಲಾದಕ್ಕೂ ಬರುತ್ತೆ, ಓಕೆ ಒತ್ತಿ" ಅಂದರು. ಒಂದಷ್ಟು ಪುಟ ಚೆನ್ನಾಗೇ ಬಂದವು. ಆಮೇಲೆ ಹೃದಯದ ಚಿತ್ರ ತೆಗೆದರೆ ಕೆಂಪಗಿರಬೇಕಾದ ಅಪಧಮನಿ ಹಳದಿಯಾಗಿ ಬಂತು. ಹಳದಿ ಜೊತೆ ಸೇರಿ ಕೆಂಪಾಗುವ ಮೆಜೆಂಟಾ (ಕಡುಗುಲಾಬಿ) ಬಣ್ಣವೇ ಇಳಿಯುತ್ತಿರಲಿಲ್ಲ. ಮಾರನೇ ದಿನ ಪೇಪರ್ ಅಂಚಿಗೆಲ್ಲಾ ಇಂಕ್ ಮೆತ್ತಿಕೊಂಡಿತ್ತು.

ಹೊರಗೆ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಕಾರ್ಟ್ರಿಜ್ ಹಿಂದೆ ತಾಮ್ರದ ಬಣ್ಣದ ಪಟ್ಟಿ ಇರುತ್ತದಲ್ಲ, ಅದರ ಚುಕ್ಕಿಗಳ ಮೇಲೆ ಸೂಜಿಮೊನೆಯಷ್ಟು ಗುಳಿಗಳು. ಪ್ರಿಂಟರಿನ ಪಿನ್‌ಗಳು ಒತ್ತಿದಾಗ ಬೀಳುವ ಗುರುತು ಅದು. ಅಂದರೆ ಈ ಕಾರ್ಟ್ರಿಜ್ ಮುಂಚೆಯೇ ಇನ್ನೊಂದು ಪ್ರಿಂಟರಿನಲ್ಲಿ ಕೂತು ಬಂದಿದೆ. ಮೇಲಿನ ಲೇಬಲ್ ಉಗುರಿಗೆ ಸಲೀಸಾಗಿ ಎದ್ದು ಬಂತು. ಕೆಳಗೆ ಇನ್ನೊಂದು ಲೇಬಲ್, ಅದರಲ್ಲಿ ಸಿರಿಂಜ್ ಚುಚ್ಚಿದ ತೂತುಗಳು!

ಇಂಕ್ ಸೋರಿ ಕಾರ್ಟ್ರಿಜ್ ಕೂರುವ ಜಾಗದ ಪಿನ್‌ಗಳ ಮೇಲೆ ಇಳಿದಿತ್ತು. ರೀಫಿಲ್ ಕಾರ್ಟ್ರಿಜ್‌ನಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂದರು ಸರ್ವಿಸ್ ಸೆಂಟರಿನವರು. ಅಂಗಡಿಯವರದು ಒಂದೇ ಮಾತು, ಸೀಲ್ ಒಡೆದ ಮೇಲೆ ವಾಪಸ್ ಇಲ್ಲ.

ಆ ಮಾತು ಕೇಳಿ ಸುಮ್ನೆ ವಾಪಸ್ ಬರಬೇಡಿ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹಾಕಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲು ಒಪ್ಪದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತಪ್ಪು ವ್ಯಾಪಾರ. ಗ್ರಾಹಕ ಸಹಾಯವಾಣಿ ನಂಬರ್ 1915. ನಾನು ಅಲ್ಲಿ ದೂರು ಕೊಟ್ಟ ಮೇಲೆ ಕಾರ್ಟ್ರಿಜ್ ದುಡ್ಡು ವಾಪಸ್ ಬಂತು. ಪ್ರಿಂಟರ್ ರಿಪೇರಿ ಖರ್ಚು ಬರಲಿಲ್ಲ. ನನ್ನ ಬಿಲ್ಲಿನಲ್ಲಿ ಬರೀ ‘ಕಾರ್ಟ್ರಿಜ್ 1’ ಅಂತಿತ್ತು, ಅದನ್ನೇ ಹಿಡಿದು ಅಂಗಡಿಯವರು ವಾದ ಮಾಡಿದರು. ನೀವು ಮಾಡೆಲ್ ನಂಬರ್ ಮತ್ತು ‘ಒರಿಜಿನಲ್’ ಅನ್ನುವ ಪದ ಎರಡನ್ನೂ ಬರೆಸಿಕೊಳ್ಳಿ. ಡಬ್ಬಿಯನ್ನು ಅಂಗಡಿಯಲ್ಲೇ, ಅವರ ಮುಂದೆಯೇ ಒಡೆದು ತಾಮ್ರದ ಪಟ್ಟಿ ನೋಡಿ. ಒಡೆಯಲು ಬಿಡದಿದ್ದರೆ ಅಲ್ಲಿ ತಗೊಳ್ಳಲೇಬೇಡಿ.

ರೀಫಿಲ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರೀಫಿಲ್ ಅಂತ ಹೇಳಿ, ರೀಫಿಲ್ ಬೆಲೆಗೆ ಮಾರಿದರೆ ತಗೊಳ್ಳುವುದು ಬಿಡುವುದು ನಮಗೆ ಬಿಟ್ಟದ್ದು. ಹೊಸದರ ದುಡ್ಡು ತಗೊಂಡು ಹಳೇದು ಕೊಡುವುದು ಮೋಸ.

ನಿಜವಾಗಿ ದುಡ್ಡು ಉಳಿಯುವುದು ಬೇರೆ ಕಡೆ. ಕಾರ್ಟ್ರಿಜ್ ಬೆಲೆ ನೋಡಬೇಡಿ, ಪುಟದ ಬೆಲೆ ನೋಡಿ. ಎಷ್ಟು ಪುಟ ಬರುತ್ತದೆ ಅಂತ ಕಂಪನಿ ವೆಬ್‌ಸೈಟಿನಲ್ಲಿ ಇರುತ್ತದೆ. ಬಣ್ಣದ ಇಂಕ್‌ಜೆಟ್‌ಗೆ ಈ ಲೆಕ್ಕ ಮಾಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 24711. 900 ರೂಪಾಯಿಗೆ 120 ಪುಟ ಅಂದರೆ ಒಂದು ಪುಟಕ್ಕೆ ಏಳೂವರೆ ರೂಪಾಯಿ. ಇದಕ್ಕಿಂತ ಕಮ್ಮಿಗೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಸಿಗುವುದಾದರೆ ಅಲ್ಲೇ ತೆಗೆಸಿ. ಹೆಚ್ಚು ಇಂಕ್ ಇರುವ ಎಕ್ಸ್‌ಎಲ್ ಕಾರ್ಟ್ರಿಜ್‌ಗೆ ಬೆಲೆ ಜಾಸ್ತಿ, ಆದರೆ ಪುಟದ ಲೆಕ್ಕದಲ್ಲಿ ಸಾಮಾನ್ಯವಾಗಿ ಅದೇ ಅಗ್ಗ. ನನ್ನ ಹಾಗೆ ದಿನಾ ಪ್ರಿಂಟ್ ತೆಗೆಯುವವರು ಬಾಟಲಿ ಇಂಕ್ ಸುರಿಯುವ ಟ್ಯಾಂಕ್ ಪ್ರಿಂಟರ್ ತಗೊಳ್ಳುವುದೇ ಒಳ್ಳೇದು. ಕೊಳ್ಳುವಾಗ ದುಬಾರಿ ಅನ್ನಿಸುತ್ತದೆ, ಆದರೆ ಒಂದು ಬಾಟಲಿಗೆ ಸಾವಿರಾರು ಪುಟ ಬರುತ್ತವೆ.

ಪ್ರಿಂಟರನ್ನು ಗೋಡೆಯ ಸ್ವಿಚ್‌ನಲ್ಲಿ ಆಫ್ ಮಾಡಬೇಡಿ, ಅದರದೇ ಬಟನ್ ಒತ್ತಿ. ಆಗ ಇಂಕ್ ಚಿಮ್ಮಿಸುವ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ, ಇಂಕ್ ಒಣಗುವುದಿಲ್ಲ. ಒಣಗಿದರೆ ಕ್ಲೀನಿಂಗ್ ಮಾಡಿ ಮಾಡಿ ಅರ್ಧ ಇಂಕ್ ಹಾಗೇ ಹೋಗುತ್ತದೆ.

ಇನ್ನೊಂದು. ಕಾರ್ಟ್ರಿಜ್ ಮುಗಿದ ಮೇಲೆ ಖಾಲಿ ಡಬ್ಬಿಯನ್ನು ಹಾಗೇ ಗುಜರಿಗೆ ಹಾಕಬೇಡಿ. ನಕಲಿ ಮಾಲು ತುಂಬುವವರಿಗೆ ಬೇಕಾಗುವುದು ಅದೇ. ಡಬ್ಬಿಯನ್ನು ಹರಿದು ಹಾಕಿ, ಕಾರ್ಟ್ರಿಜ್ ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ.