ಟ್ಯಾಬ್ಲೆಟ್‌ಗೆ ಒಳ್ಳೆಯದು, ರೇಡಿಯೋಗೆ ಅಲ್ಲ: ಕಾಕ್‌ಪಿಟ್‌ನಲ್ಲಿ ಬಳಸಿದ ಒಂದು ಯುಎಸ್‌ಬಿ ಚಾರ್ಜರ್

ಎರಡು ಆಸನದ ಸಣ್ಣ ವಿಮಾನದ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಈ ಚಾರ್ಜರನ್ನು ಕೊಂಡದ್ದು, ನಕ್ಷೆ ತೋರಿಸುವ ಟ್ಯಾಬ್ಲೆಟ್ ಹಾರಾಟದ ನಡುವೆ ಆರಿಹೋಗದಿರಲಿ ಎಂಬ ಒಂದೇ ಕಾರಣಕ್ಕೆ. ಆ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಹೆಚ್ಚು ಬಿಸಿಯಾಗುವುದಿಲ್ಲ, ಸಾಕೆಟ್‌ನಲ್ಲಿ ಅಲುಗಾಡುವುದೂ ಇಲ್ಲ. ದೋಷ ಕೇಳಿಸಿದ್ದು ರೇಡಿಯೋದಲ್ಲಿ.

ದೂರದ ನಿಲ್ದಾಣದ ನಿಯಂತ್ರಕರ ಮಾತು ಕ್ಷೀಣವಾಗುತ್ತಿದ್ದಂತೆ ಹೆಡ್‌ಸೆಟ್‌ನಲ್ಲಿ ಒಂದು ಗುಂಯ್ ಸದ್ದು ಏರತೊಡಗಿತು. ಮೊದಲು ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋ ಮತ್ತು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್‌ಗಳ ಮೇಲೆ ಸಂಶಯಪಟ್ಟೆ. ನೆಲಕ್ಕಿಳಿದ ಮೇಲೆ ಎಂಜಿನ್ ಆರಿಸಿ, ಬ್ಯಾಟರಿಯ ಮೇಲೆಯೇ ರೇಡಿಯೋ ಹಾಕಿ, ಹಿನ್ನೆಲೆ ಸದ್ದನ್ನು ತಡೆಯುವ ಸ್ಕ್ವೆಲ್ಚ್ ತೆರೆದು ಕೇಳಿದಾಗ, ಚಾರ್ಜರ್ ಸಿಕ್ಕಿಸಿದರೆ ಬರುವ ಸದ್ದು ಕಿತ್ತ ಕೂಡಲೇ ನಿಂತಿತು.

ಕಾರಣ ಸರಳ. ವಿಮಾನದ ವಿದ್ಯುತ್ತನ್ನು 5 ವೋಲ್ಟ್‌ಗೆ ಇಳಿಸಲು ಚಾರ್ಜರ್‌ನ ಒಳಗಿನ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಆನ್–ಆಫ್ ಆಗುತ್ತದೆ, ಮತ್ತು ಆ ಹಠಾತ್ ಬದಲಾವಣೆಗಳಿಂದ ಹುಟ್ಟುವ, ಮೂಲ ಆವರ್ತನದ ಹಲವು ಪಟ್ಟಿನ ತರಂಗಗಳಾದ ಹಾರ್ಮೋನಿಕ್‌ಗಳು ವೈಮಾನಿಕ ಸಂಭಾಷಣೆಯ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯವರೆಗೂ ಚಾಚಬಲ್ಲವು. ಸುಮಾರು ಒಂದು ಮೀಟರ್ ಉದ್ದದ ಚಾರ್ಜಿಂಗ್ ಕೇಬಲ್ ಈ ತರಂಗಗಳಿಗೆ ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ವಿಮಾನದ ರೇಡಿಯೋ ಇಂದಿಗೂ ತರಂಗದ ಬಲವನ್ನು ಏರಿಳಿಸಿ ಧ್ವನಿ ಸಾಗಿಸುವ ಎಎಂ ಪದ್ಧತಿಯದಾದ್ದರಿಂದ ಗದ್ದಲ ನೇರವಾಗಿ ಕಿವಿಗೇ ಬರುತ್ತದೆ.

ಕೇಳಿಸುವ ಗದ್ದಲವೇ ಎಷ್ಟೋ ವಾಸಿ. ಇಳಿಯುವಾಗ ರನ್‌ವೇಯ ನೇರ ತೋರಿಸುವ ರೇಡಿಯೋ ಸಾಧನವಾದ ಲೋಕಲೈಜರ್ 108ರಿಂದ 112 ಮೆಗಾಹರ್ಟ್ಸ್‌ನಲ್ಲಿದೆ, 1575.42 ಮೆಗಾಹರ್ಟ್ಸ್‌ನ ಜಿಪಿಎಸ್ ಸಂಕೇತವಂತೂ ಭೂಮಿಗೆ ತಲುಪುವಷ್ಟರಲ್ಲಿ ಅತ್ಯಂತ ದುರ್ಬಲವಾಗಿರುತ್ತದೆ. ಅಲ್ಲಿ ಅಡ್ಡಿಯಾದರೆ ಎಚ್ಚರಿಸುವ ಗುಂಯ್‌ಗುಡುವಿಕೆಯೂ ಇರಲಾರದು.

ಪೆಟ್ಟಿಗೆಯ ಮೇಲಿನ ಸಿಇ ಗುರುತನ್ನು (ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎಂಬ ತಯಾರಕರ ಘೋಷಣೆ) ನಂಬಿದ್ದು ನನ್ನದೇ ತಪ್ಪು. ಅದು ನೆಲದ ಮೇಲಿನ ಬಳಕೆಯ ಮಾನದಂಡಗಳಿಗೆ ಸಂಬಂಧಿಸಿದ್ದು. ವಿಮಾನದ ಉಪಕರಣಗಳು ಹೊರಸೂಸುವ ರೇಡಿಯೋ ಶಕ್ತಿಗೆ ಮಿತಿ ಹಾಕುವುದು ಡಿಒ-160 ಮಾನದಂಡದ 21ನೇ ವಿಭಾಗ, ಅದರ ಪ್ರಸ್ತಾಪ ಇಲ್ಲೆಲ್ಲೂ ಇಲ್ಲ. ಕೇಬಲ್‌ಗೆ ಗದ್ದಲ ಹೀರುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರ ತೊಡಿಸಿದಾಗ ಸದ್ದು ತಗ್ಗಿತೇ ಹೊರತು ಅಡಗಲಿಲ್ಲ.

ಕಾಕ್‌ಪಿಟ್‌ಗೆ ಇದನ್ನು ನಾನು ಶಿಫಾರಸು ಮಾಡಲಾರೆ. ಈಗ ಟ್ಯಾಬ್ಲೆಟನ್ನು ಹೊರಡುವ ಮೊದಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳುತ್ತೇನೆ, ಚಾರ್ಜರ್ ಕಾರಿಗೆ ವರ್ಗವಾಗಿದೆ. ಅಲ್ಲಿಯೂ ದೂರದ ಎಫ್‌ಎಂ ಕೇಂದ್ರ ಹಾಕಿದರೆ ಹಿನ್ನೆಲೆಯಲ್ಲಿ ಅದರ ಕರಕರೆ ತಪ್ಪಿಲ್ಲ.